ಹಿಮಾಲಯನ್ ಹೆಸರಲ್ಲಿ ಎಷ್ಟು ಗಾಡಿ? ಹಳೆಯದನ್ನು ಕೊಳ್ಳುವ ಮುನ್ನ ಗುರುತಿಸುವ ಬಗೆ

ಪ್ರಶ್ನೆ: ನಾನು ಶಿರಸಿಯವನು. ವಯಸ್ಸು 34, ಎತ್ತರ ಐದಡಿ ಐದಿಂಚು. ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ತಗೊಳ್ಳಬೇಕು ಅಂತ ಎರಡು ತಿಂಗಳಿಂದ ಹುಡುಕುತ್ತಿದ್ದೇನೆ. ನಾಲ್ಕು ಗಾಡಿ ನೋಡಿದೆ. ಒಂದನ್ನು ‘2018 ಮಾಡೆಲ್, ಎಬಿಎಸ್ ಇದೆ’ ಅಂದರು. ಎರಡನೆಯದು ‘ಸ್ಲೀಟ್, ಸ್ಪೆಷಲ್ ಎಡಿಷನ್’. ಮೂರನೆಯದಕ್ಕೆ ವಿಂಡ್‌ಶೀಲ್ಡ್, ಕ್ಯಾರಿಯರ್ ಎಲ್ಲ ಇದೆ, ಆದರೆ ಅದು ಸ್ಕ್ರಾಮ್ ಎಂದು ಗೆಳೆಯ ಹೇಳುತ್ತಾನೆ. ನಾಲ್ಕನೆಯದರ ಜಾಹೀರಾತಿನಲ್ಲಿ ‘2023 ಹಿಮಾಲಯನ್’ ಎಂದಷ್ಟೇ ಇದೆ, ಬೆಲೆ ಮಾತ್ರ ಉಳಿದವಕ್ಕಿಂತ ಬಹಳ ಹೆಚ್ಚು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ. ಯಾವುದು ಯಾವುದೆಂದು ನಾನೇ ಗುರುತಿಸುವುದು ಹೇಗೆ? ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರುವ ಕೆಲಸ ಇದೆ. ಒಮ್ಮೆ ಲಡಾಖ್ ನೋಡುವ ಆಸೆಯೂ ಇದೆ.

ಉತ್ತರ: ನಾಲ್ಕೂ ಒಂದೇ ಥರ ಕಂಡಿದ್ದರಲ್ಲಿ ನಿಮ್ಮ ತಪ್ಪೇನಿಲ್ಲ. 2016ರ ಮಾರ್ಚ್‌ನಲ್ಲಿ ಬಂದ ಮೊದಲ ಹಿಮಾಲಯನ್ನನ್ನೂ 2023ರ ಕೊನೆಯ 411 ಅನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಹತ್ತು ಹೆಜ್ಜೆ ದೂರದಿಂದ ಅನುಭವಸ್ಥರಿಗೂ ತಟ್ಟನೆ ವ್ಯತ್ಯಾಸ ಹೊಳೆಯದು. ಅದೇ 411 ಸಿಸಿಯ ಒಂಟಿ ಸಿಲಿಂಡರ್ ಇಂಜಿನ್, ಅದೇ 15 ಲೀಟರ್ ಟ್ಯಾಂಕ್, ಟ್ಯಾಂಕಿನ ಎರಡೂ ಬದಿಗೆ ಕಬ್ಬಿಣದ ಕಂಬಿ. ಹೊರಗೆ ಹೀಗಿದ್ದರೂ ಒಳಗೆ ಅದು ನಾಲ್ಕು ಸಲ ಬದಲಾಗಿದೆ. ಮೇಲಿಂದ ಅದೇ ಇಂಜಿನ್ನಿನ, ಪೇಟೆಗೆಂದು ಮಾಡಿದ ಸ್ಕ್ರಾಮ್ ಬಂತು, ಆಮೇಲೆ ಪೂರ್ತಿ ಹೊಸ ಇಂಜಿನ್ನಿನ 450 ಬಂತು. ಇವೆಲ್ಲವನ್ನೂ ಮಾರುಕಟ್ಟೆಯಲ್ಲಿ ‘ಹಿಮಾಲಯನ್’ ಎಂಬ ಒಂದೇ ಮಾತಿನಲ್ಲಿ ಮಾರುತ್ತಾರೆ.

ಗುರುತಿಸುವಾಗ ಬಣ್ಣ, ಸ್ಟಿಕ್ಕರ್, ಗಾಜು, ಕ್ಯಾರಿಯರ್ ಇವು ಯಾವುದನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಮಧ್ಯಾಹ್ನದಲ್ಲಿ ಬದಲಾಯಿಸಬಹುದಾದ ವಸ್ತುಗಳವು. ನಾನು ಮೊದಲು ನೋಡುವುದು ಕಾನೂನು ಬದಲಾದಾಗ ಬದಲಾದ ಭಾಗಗಳನ್ನು. ಕಾನೂನಿಗೆ ತಾರೀಕು ಇರುತ್ತದೆ, ಅದನ್ನು ಯಾರೂ ತಿದ್ದಲು ಬರುವುದಿಲ್ಲ. ಮೂರು ತಾರೀಕು ನೆನಪಿಡಿ. ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿ ಬಿಡುವ ಹೊಗೆಗೆ ಸರ್ಕಾರ ಹಾಕಿದ ಮಿತಿ. 2017ರ ಏಪ್ರಿಲ್ 1ರಿಂದ ಬಿಎಸ್ 3 ಗಾಡಿಗಳ ಮಾರಾಟ ನಿಂತಿತು, ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಯಾವಾಗಲೂ ಉರಿಯುತ್ತಿರಬೇಕೆಂಬ ನಿಯಮವೂ ಅದೇ ದಿನ ಬಂತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕ್‌ಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. 2020ರ ಮಾರ್ಚ್ 31ಕ್ಕೆ ಬಿಎಸ್ 4 ಮುಗಿಯಿತು.

ಈಗ ಈ ತಾರೀಕುಗಳನ್ನು ಹಿಮಾಲಯನ್ ಮೇಲೆ ಇಟ್ಟು ನೋಡಿ. ಮೊದಲ ವರ್ಷದ ಗಾಡಿಗಳು ಬಿಎಸ್ 3, ಕಾರ್ಬುರೇಟರ್ ಇರುವಂಥವು. ಇಂಜಿನ್ ಹಿಂದೆ ಟ್ಯಾಂಕಿನ ಕೆಳಗೆ ಬಗ್ಗಿ ನೋಡಿದರೆ, ತಳದಲ್ಲಿ ಪೆಟ್ರೋಲ್ ಬಿಡುವ ಪುಟ್ಟ ಸ್ಕ್ರೂ ಇರುವ ಬಟ್ಟಲು ಕಾಣುತ್ತದೆ. ಅದೇ ಕಾರ್ಬುರೇಟರ್, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಬಿಡುವ ಭಾಗ. ಹ್ಯಾಂಡಲ್ ಮೇಲೆ ಹೆಡ್‌ಲೈಟ್ ಆರಿಸುವ ಸ್ವಿಚ್ ಕೂಡ ಇರುತ್ತದೆ. 2017ರ ಎರಡನೇ ಅರ್ಧದಲ್ಲಿ, ಅದೇ ಕೆಲಸವನ್ನು ಸೆನ್ಸರ್‌ಗಳ ಲೆಕ್ಕದಲ್ಲಿ ಮಾಡುವ ಫ್ಯೂಯಲ್ ಇಂಜೆಕ್ಷನ್ ಇರುವ ಬಿಎಸ್ 4 ಬಂತು. ಇದರಲ್ಲಿ ಆ ಬಟ್ಟಲಿಲ್ಲ, ಅದರ ಜಾಗದಲ್ಲಿ ವೈರ್ ಚುಚ್ಚಿದ ಥ್ರಾಟಲ್ ಬಾಡಿ. ಸೈಲೆನ್ಸರ್ ಪೈಪಿಗೂ ಒಂದು ಸೆನ್ಸರಿನ ವೈರ್ ಬಂದು ಸೇರುತ್ತದೆ. ಕೀ ತಿರುಗಿಸಿದಾಗ ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತದೆ. ಈ ಬಿಎಸ್ 4ರಲ್ಲಿ ಮೊದಲು ಬಂದವಕ್ಕೆ ಎಬಿಎಸ್ ಇಲ್ಲ. 2018ರಲ್ಲಿ ಎಬಿಎಸ್ ಸೇರಿತು. 2020ರ ಜನವರಿಯಲ್ಲಿ ಬಿಎಸ್ 6, ಜೊತೆಗೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಸ್ವಿಚ್, ಹಿಂದಿನ ಚಕ್ರದ ಎಬಿಎಸ್ ಮಾತ್ರ ಆಫ್ ಮಾಡುವ ಸೌಕರ್ಯ. 2021ರಲ್ಲಿ ಟ್ರಿಪ್ಪರ್ ಎಂಬ ದಾರಿ ತೋರಿಸುವ ಚಿಕ್ಕ ದುಂಡು ಪರದೆ ಬಂತು, ವಿಂಡ್‌ಶೀಲ್ಡ್ ಬದಲಾಯಿತು. ಎತ್ತರದವರ ಮೊಣಕಾಲಿಗೆ ತಾಗುತ್ತಿದ್ದ ಟ್ಯಾಂಕ್ ಬದಿಯ ಕಂಬಿಯನ್ನೂ ಸರಿಪಡಿಸಿದರು. ನಿಮ್ಮ ಎತ್ತರಕ್ಕೆ ಆ ಕಂಬಿಯ ತೊಂದರೆ ಹಳೆಯದರಲ್ಲೂ ಆಗಲಿಕ್ಕಿಲ್ಲ.

ಇಲ್ಲಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. 2017, 2018, 2020, 2023 ಈ ನಾಲ್ಕು ವರ್ಷಗಳಲ್ಲಿ ಹಳೆಯದೂ ಹೊಸದೂ ಎರಡೂ ಥರದ ಗಾಡಿ ರಸ್ತೆಗೆ ಬಂದಿವೆ. ‘2019 ಮಾಡೆಲ್’ ಅಂದರೆ ಹೆಚ್ಚು ಗೊಂದಲವಿಲ್ಲ. ‘2018 ಮಾಡೆಲ್’ ಅಂದರೆ ಎಬಿಎಸ್ ಇರಲೂಬಹುದು, ಇಲ್ಲದಿರಲೂಬಹುದು. ‘2020’ ಅಂದರೆ ಬಿಎಸ್ 4 ಇರಬಹುದು, 6 ಇರಬಹುದು. ಅದಕ್ಕೇ ವರ್ಷವೊಂದನ್ನೇ ಕೇಳಿ ಬೆಲೆ ಕಟ್ಟಬೇಡಿ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಬರೆದಿರುತ್ತದೆ. ನೋಂದಣಿಯಾದ ದಿನ ಬೇರೆ, ತಯಾರಾದ ತಿಂಗಳು ಬೇರೆ. ಶೋರೂಮಿನಲ್ಲಿ ಆರು ತಿಂಗಳು ನಿಂತ ಗಾಡಿಯ ಮಾಡೆಲ್ಲನ್ನು ನೋಂದಣಿ ವರ್ಷದಿಂದ ಹೇಳುವವರು ಬಹಳ ಮಂದಿ. ಮೊಬೈಲಿನಲ್ಲಿ ಎಂ-ಪರಿವಾಹನ್ ಆ್ಯಪ್‌ಗೆ ಗಾಡಿ ನಂಬರ್ ಕೊಟ್ಟರೆ ಅದು ಬಿಎಸ್ 4ಓ 6ಓ ಎಂಬುದೂ ಗೊತ್ತಾಗುತ್ತದೆ. ಮನೆಯಿಂದ ಹೊರಡುವ ಮೊದಲೇ ಇದನ್ನು ಮಾಡಿ.

ನಿಮ್ಮ ಮೊದಲ ಗಾಡಿಯ ವಿಷಯಕ್ಕೆ ಬರೋಣ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ನನ್ನ ಬಳಿ ಹಿಮಾಲಯನ್ ತಂದಿದ್ದ. ಬೇರೆ ಊರಿನ ಹಳೆ ಗಾಡಿ ವ್ಯಾಪಾರಿಯೊಬ್ಬರು ಎಬಿಎಸ್ ಗಾಡಿ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆ ತೆಗೆದುಕೊಂಡು ಕೊಟ್ಟಿದ್ದರು. ಮುಂದಿನ ಮಡ್‌ಗಾರ್ಡಿನ ಮೇಲೆ ಎಬಿಎಸ್ ಎಂಬ ಸ್ಟಿಕ್ಕರ್ ಅಚ್ಚುಕಟ್ಟಾಗಿ ಅಂಟಿಸಿತ್ತು. ಮಳೆಯಲ್ಲಿ ಬ್ರೇಕ್ ಹಿಡಿದಾಗ ಮುಂದಿನ ಚಕ್ರ ಜಾರಿ ಬಿದ್ದು, ಮೊಣಕೈ ಕೆತ್ತಿಸಿಕೊಂಡು ಬಂದಿದ್ದ. ‘ಎಬಿಎಸ್ ಕೆಲಸ ಮಾಡ್ತಿಲ್ಲ, ನೋಡಿ ಸಾರ್’ ಅಂದ. ನಾನು ಮುಂದಿನ ಚಕ್ರದ ಪಕ್ಕ ಕೂತು ಟಾರ್ಚ್ ಬಿಟ್ಟೆ. ಎಬಿಎಸ್ ಇದ್ದರೆ ದೊಡ್ಡ ಬ್ರೇಕ್ ಡಿಸ್ಕಿನ ಒಳಗೆ, ಚಕ್ರದ ನಡುವಿನ ಹಬ್ಬಿಗೆ ಅಂಟಿದಂತೆ ಇನ್ನೊಂದು ತೆಳು ಉಂಗುರ ಇರಬೇಕು. ಅದರ ಸುತ್ತ ಬಾಚಣಿಗೆಯ ಹಲ್ಲಿನಂತೆ ಸಮ ಅಂತರದಲ್ಲಿ ಸೀಳುಗಳಿರುತ್ತವೆ. ಆ ಸೀಳುಗಳಿಗೆ ಎದುರಾಗಿ, ಕೂದಲೆಳೆಯಷ್ಟು ಜಾಗ ಬಿಟ್ಟು, ಒಂದು ಸೆನ್ಸರ್ ಕೂತಿರುತ್ತದೆ. ಅದರ ವೈರ್ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಗುಂಟ ಮೇಲೆ ಹೋಗುತ್ತದೆ. ಚಕ್ರ ತಿರುಗಿದಂತೆ ಒಂದೊಂದೇ ಸೀಳು ಎಣಿಸಿ, ಚಕ್ರ ನಿಂತುಹೋಗುತ್ತಿದೆಯೇ ಎಂದು ಯಂತ್ರಕ್ಕೆ ತಿಳಿಸುವುದು ಈ ಸೆನ್ಸರ್. ಆ ಹುಡುಗನ ಗಾಡಿಯಲ್ಲಿ ಉಂಗುರವೂ ಇರಲಿಲ್ಲ, ವೈರೂ ಇರಲಿಲ್ಲ. ಇಲ್ಲದ್ದು ಕೆಲಸ ಮಾಡುವುದೆಲ್ಲಿಂದ? ಅವನ ಮುಖ ಇಳಿದದ್ದು ಇವತ್ತಿಗೂ ಕಣ್ಣಮುಂದಿದೆ. ಬೆಲೆಯ ವಿಷಯ ಹಾಗಿರಲಿ, ಇದೆ ಎಂದು ನಂಬಿ ಬ್ರೇಕ್ ಒತ್ತುವವನ ಜೀವದ ಪ್ರಶ್ನೆ ಇದು. ಆದ್ದರಿಂದ ದಯವಿಟ್ಟು ಮುಂದೆ, ಹಿಂದೆ ಎರಡೂ ಚಕ್ರದ ಬಳಿ ಕೂತು ಆ ಉಂಗುರವನ್ನು ಕಣ್ಣಾರೆ ನೋಡಿ. ಆಮೇಲೆ ಕೀ ತಿರುಗಿಸಿ. ಎಬಿಎಸ್ ದೀಪ ಉರಿಯಬೇಕು, ಗಾಡಿ ಸ್ವಲ್ಪ ಮುಂದೆ ಹೋದ ಕೂಡಲೇ ಆರಬೇಕು. ಆರದಿದ್ದರೆ ದೋಷವಿದೆ. ಉರಿಯದೇ ಇದ್ದರೆ ದೀಪವನ್ನೇ ಕಿತ್ತಿರಬಹುದು.

ಸ್ಲೀಟ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಅದು ಬಣ್ಣದ ಹೆಸರು. 2018ರ ಆರಂಭದಲ್ಲಿ ಬೂದು ಮಚ್ಚೆಗಳ ಆ ಬಣ್ಣ ಬಂದಾಗ ಗಾಡಿಗೆ ಎಬಿಎಸ್ ಇರಲಿಲ್ಲ, ಆಮೇಲೆ ಅದೇ ಬಣ್ಣದಲ್ಲಿ ಎಬಿಎಸ್ ಇರುವುದೂ ಬಂತು. 2022ರ ಕೊನೆಗೆ ಸ್ಲೀಟ್ ಬ್ಲ್ಯಾಕ್ ಎಂಬ ಇನ್ನೊಂದು ಬಣ್ಣ ಬಂತು, ಅದು ಬಿಎಸ್ 6. ಇಂಜಿನ್, ಚಾಸಿ, ಶಾಕ್ ಅಬ್ಸಾರ್ಬರ್ ಎಲ್ಲ ಆಯಾ ಕಾಲದ ಮಾಮೂಲು ಹಿಮಾಲಯನ್ನಿನದೇ. ‘ಸ್ಪೆಷಲ್ ಎಡಿಷನ್’ ಎಂದು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ಮೂರನೆಯ ಗಾಡಿಯ ವಿಷಯದಲ್ಲಿ ನಿಮ್ಮ ಗೆಳೆಯರ ಮಾತು ನಿಜವಿರಬಹುದು. ಸ್ಕ್ರಾಮ್ 411 ಬಂದದ್ದು 2022ರ ಮಾರ್ಚ್‌ನಲ್ಲಿ. ಇಂಜಿನ್, ಟ್ಯಾಂಕ್ ಹಿಮಾಲಯನ್ನಿನದೇ. ಪೇಟೆಯಲ್ಲಿ ಓಡಿಸಲು ಹಗುರವಾಗಲೆಂದು ಮುಂದಿನ ಕಂಬಿ, ಗಾಜು, ಕೊಕ್ಕಿನಂಥ ಮೇಲಿನ ಮಡ್‌ಗಾರ್ಡ್ ತೆಗೆದರು, ಮುಂದಿನ ಚಕ್ರ ಚಿಕ್ಕದು ಮಾಡಿದರು. ಹಿಮಾಲಯನ್ 199 ಕಿಲೋ ತೂಗಿದರೆ ಸ್ಕ್ರಾಮ್ 185 ಕಿಲೋ. ತೆಗೆದದ್ದನ್ನು ಅಂಗಡಿಯಿಂದ ತಂದು ಮತ್ತೆ ಕೂರಿಸುವುದು ಕಷ್ಟವಲ್ಲ. ಆದರೆ ಚಕ್ರ ಬದಲಾಯಿಸುವುದು ಅಷ್ಟು ಸುಲಭವಲ್ಲ. ಮುಂದಿನ ಟೈರಿನ ಪಕ್ಕೆಯ ಮೇಲಿನ ಧೂಳು ಬೆರಳಿನಿಂದ ಒರೆಸಿ ಓದಿ. 90/90-21 ಎಂದಿದ್ದರೆ ಹಿಮಾಲಯನ್. 100/90-19 ಎಂದಿದ್ದರೆ ಸ್ಕ್ರಾಮ್. ಕೊನೆಯ ಸಂಖ್ಯೆ ಇಂಚಿನಲ್ಲಿ ರಿಮ್ಮಿನ ಅಳತೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸರಳ. ಗಾಡಿ ನಿಲ್ಲಿಸಿ ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿ. ಹಿಮಾಲಯನ್ 411ರಲ್ಲಿ ಹೆಡ್‌ಲೈಟ್ ಫ್ರೇಮಿಗೆ ಬಿಗಿದಿರುವುದರಿಂದ ಹ್ಯಾಂಡಲ್ ತಿರುಗಿದರೂ ದೀಪ ನೇರಕ್ಕೇ ನೋಡುತ್ತಿರುತ್ತದೆ. ಸ್ಕ್ರಾಮಿನಲ್ಲಿ ದೀಪ ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಸೀಟನ್ನೂ ನೋಡಿ. ಹಿಮಾಲಯನ್ನಿನದು ಎರಡು ತುಂಡು, ಸ್ಕ್ರಾಮಿನದು ಒಂದೇ ಉದ್ದದ ಸೀಟು. ಆರ್‌ಸಿಯಲ್ಲಿ ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುವಿನ ದೂರ, ನಮೂದಾಗಿದ್ದರೆ ಹಿಮಾಲಯನ್ 411ಕ್ಕೆ 1465 ಮಿಲಿಮೀಟರ್, ಸ್ಕ್ರಾಮಿಗೆ 1455.

ಸ್ಕ್ರಾಮ್ ಕೆಟ್ಟ ಗಾಡಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಎತ್ತರಕ್ಕೆ, ಶಿರಸಿ ಪೇಟೆಯ ಇಕ್ಕಟ್ಟಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ಆದರೆ ದೊಡ್ಡ ಚಕ್ರಕ್ಕೆ ಒಂದು ಗುಣವಿದೆ. ಗುಂಡಿಯ ಅಂಚಿಗೆ ಚಿಕ್ಕ ಚಕ್ರ ಡಿಕ್ಕಿ ಹೊಡೆದಂತೆ ತಾಗಿದರೆ, 21 ಇಂಚಿನದು ಅದರ ಮೇಲೆ ಉರುಳಿಕೊಂಡು ಹೋಗುತ್ತದೆ. ನೆಲದಿಂದ ಇಂಜಿನ್ನಿನ ತಳಕ್ಕೆ ಹಿಮಾಲಯನ್ನಿನಲ್ಲಿ 220 ಮಿಲಿಮೀಟರ್ ಜಾಗ, ಸ್ಕ್ರಾಮಿನಲ್ಲಿ 200. ಜುಲೈ ತಿಂಗಳಲ್ಲಿ ಟಾರು ಕಿತ್ತು ಜಲ್ಲಿ ಎದ್ದ ಘಟ್ಟದ ರಸ್ತೆ ನೀವು ನೋಡಿಯೇ ಇದ್ದೀರಿ. ಅಲ್ಲಿ ಈ ವ್ಯತ್ಯಾಸ ಸೊಂಟಕ್ಕೆ ಗೊತ್ತಾಗುತ್ತದೆ. ಸ್ಕ್ರಾಮ್ ತಗೊಳ್ಳುವುದಾದರೆ ಸ್ಕ್ರಾಮ್ ಎಂದು ಗೊತ್ತಿದ್ದು, ಸ್ಕ್ರಾಮಿನ ಬೆಲೆಗೆ ತಗೊಳ್ಳಿ. ಇನ್ನೊಂದು ಎಚ್ಚರಿಕೆ: 2025ರ ಜನವರಿಯಲ್ಲಿ ಬಂದ ಸ್ಕ್ರಾಮ್ 440 ಬೇರೆ ಗಾಡಿ. ಅದರದು 443 ಸಿಸಿ, ಗೇರ್ ಐದರ ಬದಲು ಆರು. ಆರ್‌ಸಿಯ ಸಿಸಿ ಕಾಲಂ ನೋಡಿದರೆ ಮುಗಿಯಿತು.

ನಾಲ್ಕನೆಯ ಗಾಡಿಯ ಬೆಲೆ ಹೆಚ್ಚಿರುವುದಕ್ಕೆ ಕಾರಣ ಅದು 450 ಆಗಿರಬಹುದು. 411ರ ಕೊನೆಯ ಗಾಡಿಗಳು ಮಾರಾಟವಾದದ್ದು, ಹೊಸ ಹಿಮಾಲಯನ್ 450 ಬಿಡುಗಡೆಯಾದದ್ದು ಎರಡೂ 2023ರಲ್ಲೇ. 450 ಬಂದದ್ದು ಆ ವರ್ಷದ ನವೆಂಬರ್ ಕೊನೆಗೆ, ಗೋವಾದಲ್ಲಿ. ‘2023 ಹಿಮಾಲಯನ್’ ಎಂಬ ಮಾತಿಗೆ ಎರಡು ಅರ್ಥವಿದೆ, ಎರಡರ ನಡುವೆ ಬೆಲೆಯ ದೊಡ್ಡ ಅಂತರವಿದೆ. ಗುರುತಿಸುವುದು ಮಾತ್ರ ಎಲ್ಲಕ್ಕಿಂತ ಸುಲಭ. 411ರ ಸಿಲಿಂಡರಿಗೆ ಗಾಳಿ ತಾಗಲು ಅಡ್ಡ ಅಡ್ಡ ಫಿನ್‌ಗಳಿವೆ, ಜೊತೆಗೊಂದು ಪುಟ್ಟ ಆಯಿಲ್ ಕೂಲರ್. 450ಗೆ ಮುಂದುಗಡೆ ದೊಡ್ಡ ರೇಡಿಯೇಟರ್, ಒಳಗೆ ಕೂಲೆಂಟ್. 411ರ ಮುಂದಿನ ಫೋರ್ಕಿನಲ್ಲಿ ತೆಳು ಕೊಳವೆ ಮೇಲೆ, ದಪ್ಪದ್ದು ಕೆಳಗೆ. 450ರಲ್ಲಿ ತಲೆಕೆಳಗು, ದಪ್ಪದ್ದೇ ಮೇಲೆ. ಮೀಟರಿನಲ್ಲಿ ಮುಳ್ಳುಗಳಿಲ್ಲ, ಒಂದೇ ದುಂಡು ಪರದೆಯಲ್ಲಿ ಗೂಗಲ್ ಮ್ಯಾಪ್ ಸಹಿತ ಎಲ್ಲ ಬರುತ್ತದೆ. ಹಿಂದೆ ನಿಂತು ನೋಡಿದರೆ ಬೇರೆ ಟೇಲ್ ಲ್ಯಾಂಪೇ ಇಲ್ಲ, ಎರಡು ಇಂಡಿಕೇಟರುಗಳೇ ಕೆಂಪು ದೀಪದ ಕೆಲಸವನ್ನೂ ಮಾಡುತ್ತವೆ.

450ರ ಕೆಲವು ಬಣ್ಣಗಳಿಗೆ ಹಿಮಾಲಯದ ಜಾಗಗಳ ಹೆಸರಿಟ್ಟಿದ್ದಾರೆ: ಕಾಜಾ, ಕಾಮೆಟ್, ಹಾನ್ಲೆ. ಹಾನ್ಲೆ ಹೆಸರು ಕೇಳಿದಾಗಲೆಲ್ಲ ನನಗೆ ಖುಷಿ. ಲಡಾಖಿನ ಆ ಊರಿನಲ್ಲಿರುವ ದೊಡ್ಡ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಅದನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಿಯಂತ್ರಿಸುತ್ತಾರೆ. ಲಡಾಖಿಗೆ ಹೋದರೆ ನೋಡಿ ಬನ್ನಿ.

411ಕ್ಕೂ 450ಗೂ ಓಡಿಸುವಾಗಿನ ಅಂತರ ಬಹಳ ದೊಡ್ಡದು. ತೂಕ ಹೆಚ್ಚುಕಡಿಮೆ ಒಂದೇ, 450 ಮೂರು ಕಿಲೋ ಕಡಿಮೆಯೇ. ಆದರೆ 411ರ ಶಕ್ತಿ 24 ಬಿಎಚ್‌ಪಿ ಆಸುಪಾಸು, 450ರದು 40ಕ್ಕೆ ತುಸು ಕಡಿಮೆ. ಹೈವೇಯಲ್ಲಿ ಲಗೇಜ್ ಸಮೇತ ಲಾರಿ ಹಿಂದೆ ಹಾಕುವಾಗ 411 ಯೋಚಿಸುತ್ತದೆ, 450 ಹೋಗಿಬಿಡುತ್ತದೆ. ಘಟ್ಟದಲ್ಲಿ ಮಾತ್ರ ಲೆಕ್ಕ ಬೇರೆ. 411ರ ಪಿಸ್ಟನ್ 78 ಮಿಲಿಮೀಟರ್ ಅಗಲ, ಅದು ಮೇಲೆ ಕೆಳಗೆ ಓಡಾಡುವ ದೂರ 86. ಹೀಗೆ ಸ್ಟ್ರೋಕ್ ಉದ್ದವಿರುವ ಇಂಜಿನ್ ನಿಧಾನ ತಿರುಗುವಾಗಲೇ ಚೆನ್ನಾಗಿ ಎಳೆಯುತ್ತದೆ. 411ರ 32 ನ್ಯೂಟನ್ ಮೀಟರ್ ಎಳೆತ ನಿಮಿಷಕ್ಕೆ 4000ದಿಂದ 4500 ಸುತ್ತಿನಲ್ಲೇ ಸಿಕ್ಕರೆ, 450ರ 40 ನ್ಯೂಟನ್ ಮೀಟರ್ ಪೂರ್ತಿ ಸಿಗಲು 5500 ಸುತ್ತು ಬೇಕು. ದೇವಿಮನೆಯ ತಿರುವುಗಳಲ್ಲಿ 411 ಅನ್ನು ಎರಡನೇ ಗೇರಿನಲ್ಲಿ ಹಾಕಿ ಸುಮ್ಮನೆ ಬಿಟ್ಟರೆ ಅದರ ಪಾಡಿಗೆ ಅದು ಗುಡುಗುಡು ಎನ್ನುತ್ತ ಹತ್ತುತ್ತದೆ. ಆ ಸಮಾಧಾನ ನನಗೆ ಬಹಳ ಇಷ್ಟ.

ಎತ್ತರದ ವಿಷಯವೂ ಇದೆ. 411ರ ಸೀಟು ನೆಲದಿಂದ 800 ಮಿಲಿಮೀಟರ್. 450ರದು 825, ಬೇಕಿದ್ದರೆ ಇನ್ನೂ ಮೇಲೆ ಏರಿಸಬಹುದು, ಕೆಳಗಿಳಿಸಲು ಬೇರೆ ಸೀಟು ಹಾಕಿಸಬೇಕು. ಐದಡಿ ಐದಿಂಚಿನವರಿಗೆ ಸಮ ನೆಲದಲ್ಲಿ 25 ಮಿಲಿಮೀಟರ್ ಏನೂ ಅನ್ನಿಸದು. ಇಳಿಜಾರಿನಲ್ಲಿ, ಕೆಸರಿನಲ್ಲಿ, ಹಿಂದೆ ಲಗೇಜ್ ಕಟ್ಟಿಕೊಂಡು ಗಾಡಿ ನಿಲ್ಲಿಸಿ ಕಾಲು ಊರುವಾಗ ಅದೇ ಒಂದು ಇಂಚಿಗೆ ಗಾಡಿ ಮಗುಚುತ್ತದೆ. ಅಂಗಳದಲ್ಲಿ ಕೂತು ನೋಡುವುದು ಸಾಲದು. ಮಾರುವವರ ಊರಿನ ಯಾವುದಾದರೂ ಇಳಿಜಾರಿಗೆ ಒಯ್ದು, ಕೂತು, ನಿಲ್ಲಿಸಿ ನೋಡಿ.

ಹಾಗಾದರೆ ನಿಮಗೆ ಯಾವುದು? ಕಾರ್ಬುರೇಟರಿನ ಮೊದಲ ಗಾಡಿ ಬೇಡ ಎನ್ನುತ್ತೇನೆ. ಎಲ್ಲೆಂದರಲ್ಲಿ ಸ್ಕ್ರೂಡ್ರೈವರಿನಲ್ಲಿ ರಿಪೇರಿಯಾಗುತ್ತದೆ ಎಂದು ಅದನ್ನು ಮೆಚ್ಚುವವರಿದ್ದಾರೆ, ಅವರ ಮಾತಲ್ಲಿ ನಿಜವೂ ಇದೆ. ಆದರೆ ಲಡಾಖಿನ ಖಾರ್ದುಂಗ್ ಲಾ ಘಟ್ಟದ ನೆತ್ತಿ 5,300 ಮೀಟರಿಗೂ ಎತ್ತರ. ಅಲ್ಲಿಯ ಗಾಳಿಯ ಒತ್ತಡ ನಮ್ಮ ಕರಾವಳಿಯದರ ಅರ್ಧದಷ್ಟು. ಕಾರ್ಬುರೇಟರಿಗೆ ಅದು ತಿಳಿಯುವುದಿಲ್ಲ, ಗಾಳಿಯ ಲೆಕ್ಕಕ್ಕೆ ಮೀರಿ ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಇಂಜಿನ್ ಉಸಿರುಗಟ್ಟಿ ಪ್ಲಗ್ ಕಪ್ಪಾಗುತ್ತದೆ. ಇಂಜೆಕ್ಷನ್ ಗಾಡಿ ಗಾಳಿಯನ್ನು ಅಳೆದು ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತದೆ. ಎಬಿಎಸ್ ಇಲ್ಲದ ಬಿಎಸ್ 4 ಕೂಡ ಮಳೆಗಾಲದ ಘಟ್ಟಕ್ಕೆ ಬೇಡ.

ಉಳಿಯುವುದು ಎಬಿಎಸ್ ಇರುವ ಬಿಎಸ್ 4, ಬಿಎಸ್ 6ರ 411, ಮತ್ತು 450. ಇವುಗಳಲ್ಲಿ ನನ್ನ ಆಯ್ಕೆ ನಿಮಗೆ 2020ರ ನಂತರ ತಯಾರಾದ ಬಿಎಸ್ 6ರ 411. ಬಿಎಸ್ 4 ಬಿಟ್ಟು ಇದನ್ನು ಆರಿಸಲು ಕಾರಣ ಹಿಂದಿನ ಎಬಿಎಸ್ ಆಫ್ ಮಾಡುವ ಆ ಒಂದು ಸೌಕರ್ಯ. ಜಲ್ಲಿಯ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಎಬಿಎಸ್ ಮತ್ತೆ ಮತ್ತೆ ಬಿಡುತ್ತ ಹೋಗುತ್ತದೆ, ಗಾಡಿ ನಿಲ್ಲುವುದೇ ಇಲ್ಲ. ಅಲ್ಲಿ ಹಿಂದಿನ ಚಕ್ರ ಸ್ವಲ್ಪ ಎಳೆದುಕೊಂಡು ಬಂದರೇ ಒಳ್ಳೆಯದು. ಟಾರು ರಸ್ತೆ ಸಿಕ್ಕ ಕೂಡಲೇ ಮತ್ತೆ ಆನ್ ಮಾಡಲು ಮರೆಯಬೇಡಿ. ಹೈವೇ ಪ್ರಯಾಣವೇ ಹೆಚ್ಚಾಗಿದ್ದರೆ, ಕೈಯಲ್ಲಿ ದುಡ್ಡೂ ಇದ್ದರೆ ಆಗ 450.

450 ನೋಡುವುದಾದರೆ ಚಕ್ರ ಗಮನಿಸಿ. ಮೊದಲು ಬಂದವು ಟ್ಯೂಬ್ ಇರುವ ಸ್ಪೋಕ್ ಚಕ್ರಗಳು. ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಕಂಪನಿಯಿಂದಲೇ ಸಿಗತೊಡಗಿದ್ದು 2024ರ ಕೊನೆಯ ಭಾಗದಲ್ಲಿ. ಟ್ಯೂಬ್ ಚಕ್ರ ಪಂಚರ್ ಆದರೆ ಚಕ್ರ ಬಿಚ್ಚಲೇಬೇಕು. 21 ಇಂಚಿನ ಟ್ಯೂಬ್ ಹಳ್ಳಿ ಪಂಚರ್ ಅಂಗಡಿಯಲ್ಲಿ ಸಿಗುವ ಖಾತ್ರಿ ಇಲ್ಲ. 411 ಕೊಂಡರೂ ಒಂದು 21 ಇಂಚಿನ ಟ್ಯೂಬ್ ಸದಾ ಜೊತೆಗಿರಲಿ. ತೀರಾ ತುರ್ತಿಗೆ ಅದನ್ನೇ ಹಿಂದಿನ 17 ಇಂಚಿನ ಚಕ್ರಕ್ಕೂ ತುರುಕಿ ಊರು ಮುಟ್ಟಬಹುದು.

ಮಾಡೆಲ್ ಗೊತ್ತಾದ ಮೇಲೆ ಆ ಗಾಡಿ ಆ ಗಾಡಿಯೇ ಹೌದೋ ಎಂದೂ ನೋಡಬೇಕು. ಹ್ಯಾಂಡಲ್ ಕೆಳಗೆ ಫ್ರೇಮಿನ ಕುತ್ತಿಗೆಯಲ್ಲಿ ಕೊರೆದ ಚಾಸಿ ನಂಬರ್, ಇಂಜಿನ್ ಕೇಸಿನ ಮೇಲಿನ ಇಂಜಿನ್ ನಂಬರ್, ಎರಡನ್ನೂ ಆರ್‌ಸಿಯೊಂದಿಗೆ ಒಂದೊಂದೇ ಅಕ್ಷರ ಹೋಲಿಸಿ. ಉಜ್ಜಿದ ಗುರುತು, ಆ ಜಾಗದಲ್ಲಿ ಮಾತ್ರ ಹೊಸ ಬಣ್ಣ ಕಂಡರೆ ಅಲ್ಲಿಂದ ಹೊರಟುಬಿಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ ಆ ಟೈರ್ 2019ರ 23ನೇ ವಾರ ತಯಾರಾದದ್ದು. ಮುಂದಿನ ಚಕ್ರ ನೆಲದಿಂದ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ, ನಡುವೆ ಎಲ್ಲಾದರೂ ಕಚ್ಚಿದಂತಾದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಕೋನ್ ಸೆಟ್, ಹೋಗಿದೆ. ಬೇರೆ ರಾಜ್ಯದ ನಂಬರ್ ಇದ್ದರೆ ಅಲ್ಲಿಯ ಆರ್‌ಟಿಒ ಎನ್‌ಒಸಿ ಬೇಕು, ಕರ್ನಾಟಕದಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಹಣ ಕೊಡಬೇಡಿ.

ಈಗಲೇ ಓಡಾಡಬೇಕಾಗಿಲ್ಲ. ಮೊದಲ ಇಬ್ಬರಿಗೆ ಫೋನ್ ಮಾಡಿ ಮುಂದಿನ ಚಕ್ರದ ಹಬ್ಬಿನ ಫೋಟೊ, ಆರ್‌ಸಿಯ ಎರಡೂ ಬದಿ ಕಳಿಸಲು ಹೇಳಿ. ಮೂರನೆಯವರಿಗೆ ಮುಂದಿನ ಟೈರಿನ ಅಳತೆ ಓದಿ ಹೇಳಲು ಹೇಳಿ. ನಾಲ್ಕನೆಯವರಿಗೆ ರೇಡಿಯೇಟರ್ ಇದೆಯೇ ಎಂದು ಕೇಳಿದರೆ ಸಾಕು. ಫೋಟೊ ಕಳಿಸಲು ಹಿಂದೆಮುಂದೆ ನೋಡುವವರ ಗಾಡಿಯನ್ನು ಪಟ್ಟಿಯಿಂದ ತೆಗೆದುಬಿಡಿ. ಉಳಿದದ್ದನ್ನು ನೋಡಲು ಹೋಗುವಾಗ ಬೆಳಿಗ್ಗೆ ಬೇಗ ಹೋಗಿ, ನೀವು ಬರುವ ತನಕ ಇಂಜಿನ್ ಚಾಲೂ ಮಾಡಬೇಡಿ ಎಂದು ಮೊದಲೇ ತಿಳಿಸಿ, ಹೋದ ಕೂಡಲೇ ಸಿಲಿಂಡರ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ.